ವಿದೇಶದ ಪದವಿ, ಮನೆಯ ಮೇಲಿನ ಸಾಲ



ಜ್ಞಾನಾರ್ಜನೆಗಾಗಿ ಊರು ಬಿಡುವುದು ಮುಸ್ಲಿಮರಿಗೆ ಹೊಸತಲ್ಲ. ಇಮಾಮ್ ಬುಖಾರಿಯವರು(ರ) ಹದಿಹರೆಯದಲ್ಲಿ ತಾಯಿಯೊಂದಿಗೆ ಹಜ್ಜ್‌ಗೆ ಹೋದವರು ಹದೀಸ್ ಕಲಿಯಲೆಂದು ಮಕ್ಕಾದಲ್ಲೇ ಉಳಿದರು. ವಿದ್ಯೆಗಾಗಿ ಚೀನಾಕ್ಕಾದರೂ ಹೋಗಬೇಕೆಂಬ ಮಾತನ್ನು ಪ್ರವಾದಿವರ್ಯರ(ಸ) ಹೆಸರಿನಲ್ಲಿ ಹೇಳುವವರಿದ್ದಾರೆ. ಆ ವರದಿ ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿರುವರು. ವಿದ್ಯೆಯ ಹಿರಿಮೆಗೆ ಅದರ ಆಸರೆ ಬೇಕಾಗಿಯೂ ಇಲ್ಲ.

ಆದರೆ ನಿಮ್ಮ ಮಗನಿಗೆ ಸೀಟು ಕೊಡಿಸುವ ಏಜೆಂಟ್ ಹೇಳುವ ಲೆಕ್ಕ ಪೂರ್ತಿ ಲೆಕ್ಕವೇ? ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎನ್ನುವುದು ನಿಜ. ಆದರೆ ಒಂದು ವರ್ಷದ ಜೀವನ ವೆಚ್ಚವನ್ನು ಮುಂಗಡವಾಗಿ ಖಾತೆಯಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಬ್ರಿಟನ್ನಿಗೆ ಹೋಗುವವರು ಬೋಧನಾ ಶುಲ್ಕ, ವೀಸಾ ಶುಲ್ಕಗಳಲ್ಲದೆ ಆರೋಗ್ಯ ಸೇವೆಗೆಂದು ಪ್ರತ್ಯೇಕ ಹಣ ಕಟ್ಟಬೇಕು. 2024ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡ್ ಆಯಿತು. ವೀಸಾದ ಇಡೀ ಅವಧಿಯದನ್ನು ಒಟ್ಟಿಗೇ ಕೊಡಬೇಕು. ನಮ್ಮ ಸಂಪಾದನೆಯೋ ರೂಪಾಯಿಯಲ್ಲಿ. ರೂಪಾಯಿ ಕುಸಿದರೆ, ಶುಲ್ಕ ಏರದೆಯೂ ನಮ್ಮ ಪಾಲಿಗೆ ಏರುತ್ತದೆ.

ಇನ್ನು ಬ್ಯಾಂಕಿನ ಸಾಲ. ಕಲಿಕೆ ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬ ಮಾತು ಕಿವಿಗೆ ಹಿತ. ಕಂತು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಆ ಅವಧಿಯ ಬಡ್ಡಿಯನ್ನು ಬಡ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪರವಾಗಿ ಭರಿಸುತ್ತಿದ್ದ ಕೇಂದ್ರ ಸರಕಾರದ ‘ಪಢೋ ಪರದೇಶ್’ ಯೋಜನೆಯನ್ನು 2022-23ರಿಂದ ನಿಲ್ಲಿಸಲಾಗಿದೆ. ಆ ನೆರವು ಇದ್ದಾಗಲೂ ಬಡ್ಡಿ ಬಡ್ಡಿಯೇ ಆಗಿತ್ತೆನ್ನಿ. ಅಲ್‌ಬಖರಾ ಅಧ್ಯಾಯದಲ್ಲಿ ಅಲ್ಲಾಹನು ಯುದ್ಧ ಸಾರಿದ್ದು ಈ ಬಡ್ಡಿಯ ವಿರುದ್ಧವೇ. ‘ಅನಿವಾರ್ಯತೆ’ ಎಂದು ಅನೇಕರು ವಾದಿಸುತ್ತಾರೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೈಗೆಟಕುವ ಖರ್ಚಿನಲ್ಲಿ ಸಿಗುವ ಶಿಕ್ಷಣವನ್ನೇ ಹೊರದೇಶದಲ್ಲಿ ಪಡೆಯಲು ಮನೆ ಅಡವಿಡುವುದನ್ನು ಅನಿವಾರ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಂಧುಗಳು ಬಡ್ಡಿಯಿಲ್ಲದೆ ಕೊಟ್ಟರೆ ಅದು ದೊಡ್ಡ ಉಪಕಾರ. ಅಂತಹ ಸಾಲವನ್ನೂ ಬರೆದಿಡಿ. ಸಾಲವನ್ನು ಸಾಕ್ಷಿಗಳ ಸಮೇತ ಬರೆದಿಡಲು ಹೇಳುವ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ. ‘ಸ್ವಂತ ಭಾವನ ಹತ್ತಿರ ಕಾಗದ ಬರೆಸುವುದೇ?’ ಎಂಬ ಸಂಕೋಚ ಎಷ್ಟೋ ಸಂಬಂಧಗಳನ್ನು ಮುರಿದಿದೆ. ಸಾಲವಿಟ್ಟು ತೀರಿಕೊಂಡ ಒಬ್ಬರ ಜನಾಝಾ ನಮಾಝಿಗೆ ಪ್ರವಾದಿವರ್ಯರು(ಸ) ಸ್ವತಃ ನಿಲ್ಲಲಿಲ್ಲ. ಅಬೂ ಖತಾದಾ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಿಂತರು. ಮಗನಿಗೆ ಕೆಲಸ ಸಿಗುವ ಮೊದಲೇ ತಂದೆ ಕಣ್ಣು ಮುಚ್ಚಿದರೆ ನಿಮ್ಮ ಮನೆಯಲ್ಲಿ ಆ ಹೊಣೆ ಯಾರದು? ಇದನ್ನು ಮಗನನ್ನು ಕೂರಿಸಿಕೊಂಡು ಈಗಲೇ ಮಾತಾಡಿ.

ಆ ಮಾತಿಗೆ ಹೆಣ್ಣುಮಕ್ಕಳನ್ನೂ ಕರೆಯಿರಿ. ಒಬ್ಬ ಮಗನಿಗೆ ಕೊಡುಗೆ ನೀಡಿ ಸಾಕ್ಷಿಯಾಗಲು ಕೇಳಿಕೊಂಡ ಬಶೀರ್(ರ)ರೊಡನೆ ಪ್ರವಾದಿವರ್ಯರು(ಸ), ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿರಾ ಎಂದು ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ನಿರಾಕರಿಸಿದರು. ಶಿಕ್ಷಣದ ಖರ್ಚು ಕೊಡುಗೆಯಲ್ಲ, ಅಗತ್ಯವೆಂದು ನೀವು ಹೇಳಬಹುದು. ಹಾಗಾದರೆ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಅವನ ತಂಗಿಯ ಅಗತ್ಯಕ್ಕೆ ಏನನ್ನು ಉಳಿಸಿದ್ದೀರಿ?