ಕಣವೂ ಕಾಳೂ

ಕೆಲಸಕ್ಕೆ ಮುಂಚೆ ಸಿದ್ಧತೆ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಡಿಗೆಗೆ ಮುಂಚೆ ಒಲೆ ಸಾರಿಸಬೇಕು. ಬಿತ್ತುವುದಕ್ಕೆ ಮುಂಚೆ ಹೊಲ ಹದಮಾಡಬೇಕು. ಹಾಡುವುದಕ್ಕೆ ಮುಂಚೆ ತಂಬೂರಿಯ ಶ್ರುತಿ ಕೂಡಿಸಬೇಕು. ಆದರೆ ಶ್ರುತಿ ಕೂಡಿಸುವುದರಲ್ಲಿಯೇ ಕಚೇರಿಯ ಹೊತ್ತೆಲ್ಲ ಕಳೆದುಹೋದರೆ ಅದನ್ನು ಸಂಗೀತವೆನ್ನಬಹುದೆ? ಸಿದ್ಧತೆ ಎಲ್ಲಿಯವರೆಗೆ ಕೆಲಸದ ಅಂಗ, ಎಲ್ಲಿಂದ ಮುಂದೆ ಅದು ಕೆಲಸದಿಂದ ತಪ್ಪಿಸಿಕೊಳ್ಳುವ ಮರ್ಯಾದಸ್ಥ ಉಪಾಯ? ಪ್ರಶ್ನೆ ಹಳೆಯದು. ಅದನ್ನು ಒಂದು ತೀರ ಸಾಮಾನ್ಯವಾದ ವಸ್ತುವಿನ ಮೂಲಕ ನೋಡಬೇಕೆಂದು ನನ್ನ ಆಸೆ. ಆ ವಸ್ತು ಯಾವುದೆಂದರೆ, ಮನೆಯ ಗ್ಯಾರೇಜಿನ ನೆಲ.

ವಾಚಕರು ನಗಬಾರದು. ತತ್ತ್ವಜಿಜ್ಞಾಸೆಗೆ ನೆಲಕ್ಕಿಂತ ಗಟ್ಟಿಯಾದ ಆಧಾರ ಬೇರೆ ಎಲ್ಲಿದೆ?

ಅಮೆರಿಕದ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಗ್ಯಾರೇಜು ಅಂಟಿಕೊಂಡೇ ಇರುತ್ತದೆ. ಹೆಸರಿಗೆ ಅದು ಕಾರಿನ ಮನೆ. ಆದರೆ ಕಾರು ಹೊರಗೆ ಬಿಸಿಲು ಮಳೆಗೆ ನಿಂತಿದ್ದು, ಒಳಗೆ ಗರಗಸ, ಉಳಿ, ಬೈರಿಗೆ, ಮರದ ಹಲಗೆ ಇವು ಸುಖವಾಗಿರುವುದೂ ಉಂಟು. ಆ ದೇಶದಲ್ಲಿ ಕೂಲಿ ದುಬಾರಿ. ಬಡಗಿಯನ್ನು ಕರೆಸುವುದಕ್ಕಿಂತ ತಾನೇ ಬಡಗಿಯಾಗುವುದು ಅಗ್ಗ. ಹೀಗೆ ಗೃಹಸ್ಥನೊಬ್ಬ ಗ್ಯಾರೇಜನ್ನು ಕಾರ್ಖಾನೆ ಮಾಡಬೇಕೆಂದು ಸಂಕಲ್ಪಿಸಿದಾಗ ಮೊದಲು ಅವನ ಕಣ್ಣಿಗೆ ಬೀಳುವುದು ನೆಲ.

ನೆಲಕ್ಕೆ ಬಳಿಯಬೇಕೆನ್ನುವುದು ಬರಿಯ ಶೋಕಿಯಲ್ಲ. ಕಾಂಕ್ರೀಟು ನೋಡುವುದಕ್ಕೆ ಕಲ್ಲಿನಂತಿದ್ದರೂ ಅದರ ಮೈಯೆಲ್ಲ ಸೂಕ್ಷ್ಮ ರಂಧ್ರ. ಒಂದು ತೊಟ್ಟು ಎಣ್ಣೆ ಬಿದ್ದರೆ ಕುಡಿದುಬಿಡುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಕರೆ ಹೋಗದು. ಮೇಲಿನ ಪದರ ಸವೆದು ದಿನವೂ ನುಣ್ಣನೆಯ ಪುಡಿ ಏಳುತ್ತದೆ. ಗುಡಿಸಿದಷ್ಟೂ ಹುಟ್ಟುವ ಧೂಳು ಅದು. ಆ ಧೂಳು ಹೊಸದಾಗಿ ವಾರ್ನಿಷು ಬಳಿದ ಮರದ ಮೇಲೆ ಕೂತರೆ ಮಾಡಿದ ಕೆಲಸವೆಲ್ಲ ಹಾಳು. ಕೈಜಾರಿದ ಸಣ್ಣ ಮೊಳೆ ಆ ಬೂದುಬಣ್ಣದಲ್ಲಿ ಕಾಣದೆ ಹೋಗುತ್ತದೆ. ತಿಳಿಬಣ್ಣದ ಒಂದು ಲೇಪ ಕೊಟ್ಟರೆ ಬೆಳಕು ಹೆಚ್ಚುತ್ತದೆ, ಧೂಳು ಅಡಗುತ್ತದೆ, ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಈ ಲೇಪಕ್ಕೆ ಹೆಚ್ಚಾಗಿ ಬಳಸುವುದು ಎಪಾಕ್ಸಿಯನ್ನು. 1930 ಮತ್ತು 1940ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್, ಅಮೆರಿಕದ ಸಿಲ್ವನ್ ಗ್ರೀನ್‌ಲೀ ಮೊದಲಾದವರ ದುಡಿಮೆಯಿಂದ ಬಳಕೆಗೆ ಬಂದ ರಾಳ ಅದು. ಎರಡು ಡಬ್ಬಿ, ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ದ್ರವ. ಬೇರೆ ಬೇರೆ ಇದ್ದಷ್ಟು ದಿನ ಎರಡೂ ಸಾಧು. ಕೂಡಿಸಿದ ಕ್ಷಣದಿಂದ ರಾಸಾಯನಿಕ ಕ್ರಿಯೆ ಆರಂಭವಾಗುತ್ತದೆ. ಇದು ನೀರಾರಿ ಒಣಗುವ ಬಣ್ಣವಲ್ಲ. ತನ್ನ ಕಾವಿನಿಂದ ತಾನೇ ಗಟ್ಟಿಯಾಗುವ ಪದಾರ್ಥ. ಕಲಸಿದ್ದನ್ನು ಡಬ್ಬಿಯಲ್ಲಿಯೇ ಬಿಟ್ಟು ಯೋಚಿಸುತ್ತ ಕುಳಿತರೆ ಅದು ಡಬ್ಬಿಯಲ್ಲಿಯೇ ಕುದಿದು ಕಲ್ಲಾಗುತ್ತದೆ. ಕಲಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ಆದ್ದರಿಂದ ಯೋಚನೆಯೆಲ್ಲ ಮೊದಲೇ ಆಗಬೇಕು. ಎಣ್ಣೆಯ ಕರೆ ತೆಗೆಯಬೇಕು. ಕಾಂಕ್ರೀಟಿನ ಮೇಲೆ ಹಾಲಿನ ಕೆನೆಯಂತೆ ನಿಂತಿರುವ ದುರ್ಬಲವಾದ ಸಿಮೆಂಟಿನ ಪದರವನ್ನು ಯಂತ್ರದಿಂದ ಉಜ್ಜಿಯೋ ಆಮ್ಲದಿಂದ ತೊಳೆದೋ ಕಳೆಯಬೇಕು. ಬಿರುಕುಗಳನ್ನು ತುಂಬಬೇಕು. ಆಮೇಲೆ ಪರೀಕ್ಷೆ. ನೆಲದ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಬೇಕು. ಹೀರಿಕೊಂಡರೆ ನೆಲ ಲೇಪಕ್ಕೆ ಅರ್ಹ, ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಇನ್ನೂ ಜಿಡ್ಡೋ ಹಳೆಯ ಲೇಪವೋ ಉಳಿದಿದೆ ಎಂದರ್ಥ. ಇನ್ನೊಂದು ಪರೀಕ್ಷೆ ಇದಕ್ಕಿಂತ ಗಹನ. ಹದಿನೆಂಟು ಅಂಗುಲ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಕಡೆಯೂ ಗಾಳಿಯಾಡದಂತೆ ನೆಲಕ್ಕೆ ಅಂಟಿಸಿ, ಹದಿನಾರು ಗಂಟೆ ಬಿಟ್ಟು ತೆಗೆದು ನೋಡುವುದು. ಹಾಳೆಯ ಅಡಿಯಲ್ಲಿ ಬೆವರಿದ್ದರೆ ಭೂಮಿಯ ತೇವ ಕಾಂಕ್ರೀಟಿನ ಮೂಲಕ ಮೇಲೇರುತ್ತಿದೆ. ಆಗ ಎಷ್ಟು ಬೆಲೆಯ ಲೇಪ ಕೊಟ್ಟರೂ ತಿಂಗಳೊಪ್ಪತ್ತಿನಲ್ಲಿ ಬೊಬ್ಬೆಯೆದ್ದು ಸಿಪ್ಪೆಸಿಪ್ಪೆಯಾಗಿ ಬರುತ್ತದೆ. ಕುಂಚದ ಕೆಲಸ ಕೆಲವು ಗಂಟೆ. ಅದರ ಹಿಂದಿನದು ಕೆಲವು ದಿನ, ಒಮ್ಮೊಮ್ಮೆ ಕೆಲವು ವಾರ.

ನಮ್ಮ ಕಡೆಯ ಗಾರೆಯವರಿಗೂ ಈ ಮರ್ಮ ತಿಳಿದೇ ಇತ್ತು. ಹಳೆಯ ಮನೆಗಳ ಕೆಂಪು ಸಿಮೆಂಟಿನ ನೆಲವನ್ನು ನೆನೆಯಿರಿ. ಕೆಳಗಿನ ಗಾರೆ ಇನ್ನೂ ಹಸಿಯಾಗಿರುವಾಗಲೇ ಮೇಲಿನ ಕೆಂಪನ್ನು ಎಳೆದು, ಕರಣೆಯಿಂದ ತಿಕ್ಕಿ, ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಿದ್ದರಿಂದಲೇ ಅದು ಮೊಮ್ಮಕ್ಕಳ ಕಾಲದವರೆಗೂ ಕನ್ನಡಿಯಂತೆ ಉಳಿಯಿತು. ಮೇಲಿನದು ನಿಲ್ಲುವುದೂ ಬಿಡುವುದೂ ಕೆಳಗಿನದನ್ನು ಅವಲಂಬಿಸಿದೆ. ಆತುರಗಾರನಿಗೆ ನೆಲ ಕಲಿಸುವ ಪಾಠ ಇದು.

ಇಷ್ಟರಲ್ಲಿಯೇ ನಿಲ್ಲಿಸಿದರೆ ಲೇಖನ ನೀತಿಪಾಠವಾಗಿ ಸುಖಾಂತವಾಗುತ್ತಿತ್ತು. ಆದರೆ ನನ್ನ ಪ್ರಶ್ನೆ ಆತುರಗಾರನದಲ್ಲ. ಅವನ ಎದುರು ದಿಕ್ಕಿನಲ್ಲಿರುವವನದು.

ಮೈಸೂರು ಸೀಮೆಯಿಂದ ಹೋಗಿ ಕ್ಯಾಲಿಫೋರ್ನಿಯದಲ್ಲಿ ಬಹುಕಾಲದಿಂದ ನೆಲೆಸಿರುವ ಪರಿಚಿತರೊಬ್ಬರಿದ್ದಾರೆ. ಇಂಜಿನಿಯರಾಗಿದ್ದು ನಿವೃತ್ತರಾದವರು. ಮಗಳು ಗರ್ಭಿಣಿಯಾದಾಗ, ಹುಟ್ಟುವ ಮಗುವಿಗೆ ತಮ್ಮ ಕೈಯಾರೆ ಒಂದು ತೊಟ್ಟಿಲು ಮಾಡಬೇಕೆಂದು ಅವರು ನಿಶ್ಚಯಿಸಿದರು. ತೊಟ್ಟಿಲಿಗೆ ಕಾರ್ಖಾನೆ ಬೇಕು; ಕಾರ್ಖಾನೆಗೆ ನೆಲ ಬೇಕು. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದರು, ಬೆವರಿತ್ತು. ಅಲ್ಲಿ ಮಳೆಗಾಲವೆಂದರೆ ಚಳಿಗಾಲವೇ. ಅದು ಕಳೆಯುವವರೆಗೆ ಕಾದರು, ನೀರು ಗೋಡೆಯ ಬುಡಕ್ಕೆ ಬಾರದಂತೆ ಹೊರಗೆ ಕಾಲುವೆ ತೋಡಿಸಿದರು. ಆಮೇಲೆ ಉಜ್ಜಿ, ತುಂಬಿ, ಎರಡು ಲೇಪ ಕೊಟ್ಟರು. ನೆಲವಾದ ಮೇಲೆ ಗೋಡೆ, ಗೋಡೆಯ ಮೇಲೆ ಒಂದೊಂದು ಉಪಕರಣಕ್ಕೂ ಅದರದೇ ಆಕಾರದ ಗುರುತು ಬರೆದ ಹಲಗೆ, ಆಮೇಲೆ ದೀಪ, ಆಮೇಲೆ ದೀಪಕ್ಕೊಪ್ಪುವ ಮೇಜು. ಇಷ್ಟಾಗುವ ವೇಳೆಗೆ ಮಗು ಹುಟ್ಟಿ, ಅಂಗಡಿಯಿಂದ ತಂದ ತೊಟ್ಟಿಲಲ್ಲಿ ಮಲಗಿ, ತೊಟ್ಟಿಲನ್ನು ಬಿಟ್ಟು ಅಂಗಳದಲ್ಲಿ ಓಡಾಡುತ್ತಿತ್ತು. ಗ್ಯಾರೇಜನ್ನು ನೋಡಲು ಹೋದವರು ಬಾಗಿಲಲ್ಲಿಯೇ ಪಾದರಕ್ಷೆ ಬಿಡಬೇಕು. ಒಳಗೆ ಉಳಿಗೆ ಮರದ ವಾಸನೆ ಇನ್ನೂ ಹತ್ತಿಲ್ಲ.

ಇದನ್ನು ಕೇಳಿ ನಗುವುದು ಸುಲಭ. ಆದರೆ ಅವರನ್ನು ಕೆಣಕಿದಾಗ ಅವರು ಹೇಳಿದ ಮಾತು ನನ್ನ ನಗೆಯನ್ನು ನಿಲ್ಲಿಸಿತು. "ನೋಡಿ ಸ್ವಾಮಿ, ನನ್ನ ಉದ್ಯೋಗದ ಅಷ್ಟು ವರ್ಷಗಳಲ್ಲಿ ನಾನು ಮಾಡಿದ ಒಂದು ಕೆಲಸವನ್ನೂ ಕೈಯಿಂದ ಮುಟ್ಟಿ ತೋರಿಸಲಾರೆ. ಕಾಗದದ ಮೇಲೆ ಹುಟ್ಟಿದವು, ಕಾಗದದ ಮೇಲೆಯೇ ಸತ್ತವು. ಈ ನೆಲ ನಾನು ಮಾಡಿದ್ದು. ನಿಂತರೆ ಕಾಲಿಗೆ ಗೊತ್ತಾಗುತ್ತದೆ. ತೊಟ್ಟಿಲು ಅಂಗಡಿಯಲ್ಲಿ ಸಿಕ್ಕುತ್ತದೆ. ಈ ಸಮಾಧಾನ ಸಿಕ್ಕುವುದಿಲ್ಲ."

ಇದಕ್ಕೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ಯಾವುದು ಸಿದ್ಧತೆ, ಯಾವುದು ಕೆಲಸ ಎಂಬುದು ವಸ್ತುವಿನಲ್ಲಿ ಬರೆದಿಲ್ಲ. ಗಾರೆಯವನಿಗೆ ನೆಲವೇ ಫಲ. ಬಡಗಿಗೆ ತೊಟ್ಟಿಲು ಫಲ. ತಾಯಿಗೆ ಅದೂ ಒಂದು ಸಾಧನ, ಮಗುವಿನ ನಿದ್ರೆ ಫಲ. ಒಬ್ಬನ ಫಲ ಇನ್ನೊಬ್ಬನ ಸಿದ್ಧತೆ. ಹೀಗಿರುವಾಗ ತೊಟ್ಟಿಲಿನ ಬದಲು ನೆಲ ಮಾಡಿದವನು ಏನೂ ಮಾಡಲಿಲ್ಲವೆಂದು ಹೇಗೆ ಹೇಳುವುದು?

ಇದೇ ಕ್ಯಾಲಿಫೋರ್ನಿಯದ ಇನ್ನೊಂದು ಗ್ಯಾರೇಜಿನ ಕಥೆ ಲೋಕಪ್ರಸಿದ್ಧ. ಪಾಲೋ ಆಲ್ಟೋ ಊರಿನ ಆಡಿಸನ್ ಅವೆನ್ಯೂ ಬೀದಿಯ 367ನೆಯ ಮನೆಯ ಹಿಂದೆ, ಹನ್ನೆರಡು ಅಡಿಗೆ ಹದಿನೆಂಟು ಅಡಿಯ ಒಂದು ಶೆಡ್ಡು. 1938ರಲ್ಲಿ ಬಿಲ್ ಹ್ಯೂಲೆಟ್, ಡೇವಿಡ್ ಪ್ಯಾಕರ್ಡ್ ಎಂಬ ಇಬ್ಬರು ತರುಣರು 538 ಡಾಲರಿನ ಬಂಡವಾಳದಲ್ಲಿ ಅಲ್ಲಿ ಧ್ವನಿತರಂಗಗಳನ್ನು ಹೊರಡಿಸುವ ಒಂದು ಮಾಪನ ಯಂತ್ರ ಮಾಡತೊಡಗಿದರು. ಯಂತ್ರದ ಮುಖಫಲಕದ ಬಣ್ಣ ಗಟ್ಟಿಯಾಗಲು ಕಾವು ಬೇಕಾಯಿತು. ಅದಕ್ಕಾಗಿ ಕುಲುಮೆ ಕಟ್ಟಿಸುತ್ತ ಕೂರಲಿಲ್ಲ. ಪ್ಯಾಕರ್ಡರ ಮನೆಯ ಅಡಿಗೆಯ ಒಲೆಯಲ್ಲಿಯೇ ಬೇಯಿಸಿದರು. ವಾಲ್ಟ್ ಡಿಸ್ನಿಯ ಚಿತ್ರಶಾಲೆ ಅಂಥ ಎಂಟು ಯಂತ್ರಗಳನ್ನು ಕೊಂಡಿತು. ಬೇಕಾದ್ದೆಲ್ಲ ಕೂಡಿಬರಲಿ ಎಂದು ಕಾದಿದ್ದರೆ ಆ ಫಲಕಗಳಿಗೆ ಬಣ್ಣ ಕೂಡುತ್ತಿರಲಿಲ್ಲ.

ಈ ಕಥೆಯಿಂದ 'ಕೊಳಕು ಶೆಡ್ಡೇ ಸಾಕು, ಸಿದ್ಧತೆ ಬೇಡ' ಎಂಬ ನೀತಿಯನ್ನು ತೆಗೆಯುವವರಿದ್ದಾರೆ. ಅದು ಸರಿಯಲ್ಲ. ಅವರಿಬ್ಬರೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಅವರ ಸಿದ್ಧತೆ ತಲೆಯಲ್ಲಿಯೂ ಕೈಯಲ್ಲಿಯೂ ಆಗಿತ್ತು. ನನಗೆ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಅವರ ಕಂಪನಿ 2000ದಲ್ಲಿ ಆ ಮನೆಯನ್ನು ಕೊಂಡು, 2005ರಲ್ಲಿ ಆ ಶೆಡ್ಡನ್ನು ಹಿಂದಿನಂತೆ ಜೀರ್ಣೋದ್ಧಾರ ಮಾಡಿಸಿತು. ಸ್ಮಾರಕವಾಗಿ ಅದು ಯೋಗ್ಯವೇ. ಆದರೆ ಸ್ಮಾರಕದಲ್ಲಿ ಯಾರೂ ಬೆಸುಗೆ ಹಾಕುವುದಿಲ್ಲ. ಕೆಲಸ ಮುಗಿದ ಮೇಲೆ ಸ್ಥಳ ಸ್ಮಾರಕವಾಗುವುದು ಲೋಕರೂಢಿ. ನಮ್ಮ ಪರಿಚಿತರ ಗ್ಯಾರೇಜು ಕೆಲಸಕ್ಕೆ ಮೊದಲೇ ಸ್ಮಾರಕವಾಯಿತು.

ಅವರ ದೋಷ, ಅದನ್ನು ದೋಷವೆನ್ನುವುದಾದರೆ, ತೊಟ್ಟಿಲು ಆಗಲಿಲ್ಲವೆಂಬುದರಲ್ಲಿಲ್ಲ. ಬಾಗಿಲಲ್ಲಿ ಬಿಡಿಸುವ ಪಾದರಕ್ಷೆಯಲ್ಲಿದೆ. ಇದನ್ನು ವಿಶದಪಡಿಸಲು ನಮ್ಮ ಹಳ್ಳಿಯ ಕಣಕ್ಕೆ ಹೋಗೋಣ.

ಕಣವೆಂದರೂ ಒಂದು ಕಾರ್ಖಾನೆಯ ನೆಲವೇ. ರಾಗಿಯ ಪೈರು ಕೊಯ್ಲಿಗೆ ಬಂದಾಗ ರೈತ ಅದನ್ನು ಮಾಡುತ್ತಾನೆ. ನೆಲವನ್ನು ಕೆತ್ತಿ ಸಮಮಾಡಿ, ನೀರು ಚಿಮುಕಿಸಿ ಬಡಿದು ಗಟ್ಟಿಮಾಡಿ, ಸಗಣಿಯಿಂದ ಸಾರಿಸುತ್ತಾನೆ. ಕಾಳಿಗೆ ಮಣ್ಣು ಬೆರೆಯಬಾರದು, ಬಿರುಕಿಗೆ ಕಾಳು ಬೀಳಬಾರದು. ಅವನ ಎಚ್ಚರ ಎಪಾಕ್ಸಿ ಬಳಿಯುವವನ ಎಚ್ಚರಕ್ಕೆ ಏನೂ ಕಡಿಮೆಯಲ್ಲ. ಆದರೆ ಸಾರಿಸಿ ಒಣಗಿದ ಆ ಚಂದದ ನೆಲದ ಮೇಲೆ ಅವನು ಮಾಡುವುದೇನು? ತೆನೆ ಹರಡಿ ಎತ್ತುಗಳನ್ನು ತುಳಿಸುತ್ತಾನೆ, ರೋಣಗಲ್ಲು ಉರುಳಿಸುತ್ತಾನೆ. ತುಳಿತಕ್ಕೆಂದೇ ಆದದ್ದು ಕಣ. ರಾಶಿ ಮನೆಗೆ ಹೋದ ಮೇಲೆ ಅದು ಒಡೆದರೆ ಅವನು ಮರುಗುವುದಿಲ್ಲ. ಮುಂದಿನ ಸುಗ್ಗಿಗೆ ಮತ್ತೆ ಮಾಡುತ್ತಾನೆ.

ಸಿದ್ಧತೆಗೂ ಸೋಗಿಗೂ ಇರುವ ವ್ಯತ್ಯಾಸ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಸಿದ್ಧಮಾಡಿದ್ದನ್ನು ಕೆಡಿಸಿಕೊಳ್ಳಲು ನಾವು ಸಿದ್ಧರಿದ್ದೇವೆಯೆ? ಒರೆಸಿದರೆ ಹೋಗಲೆಂದೇ ಬಳಿದ ಲೇಪ. ಆದರೆ ಒರೆಸುವಂಥದು ಏನೂ ಬೀಳಬಾರದೆಂದು ಹಂಬಲಿಸಿದರೆ ಲೇಪದ ಅರ್ಥವೇ ತಲೆಕೆಳಗಾಯಿತು. ನೆಲ ಮಾಡಿದವರೇ ತೊಟ್ಟಿಲು ಮಾಡಬೇಕೆಂಬ ನಿರ್ಬಂಧವೂ ಇಲ್ಲ. ಪಕ್ಕದ ಮನೆಯ ಹುಡುಗ ಸರಪಳಿ ಕಳಚಿದ ಸೈಕಲ್ಲನ್ನು ಗ್ರೀಸು ಸುರಿಸುತ್ತ ತಂದಾಗ, "ಒಳಗೆ ಬಾಪ್ಪ" ಎಂದರೆ ಆ ನೆಲ ಸಾರ್ಥಕವಾಯಿತು. ನಮ್ಮ ಪರಿಚಿತರ ಮಾತೂ ಪೂರ್ಣ ಸತ್ಯವಾಯಿತು.

ಬಳಸದೆ ಕಾಪಾಡುವುದರಲ್ಲಿ ಇನ್ನೊಂದು ನಷ್ಟವೂ ಇದೆ. ಅಷ್ಟು ಪರೀಕ್ಷೆಗಳಾದ ಮೇಲೂ ಲೇಪದ ಕೊನೆಯ ಪರೀಕ್ಷೆ ಬಳಕೆಯೇ. ದೂರದಿಂದ ಬಂದು ನಿಂತ ಕಾರಿನ ಬಿಸಿ ಟೈರುಗಳು ತಣ್ಣಗಾಗುವಾಗ, ಹಿಡಿತವಿಲ್ಲದ ಲೇಪವನ್ನು ಕಿತ್ತುಕೊಂಡು ಬರುತ್ತವೆ. ಆ ಟೈರು ಹತ್ತದ ನೆಲ ಗಟ್ಟಿಯೋ ಅಲ್ಲವೋ ಮಾಡಿದವನಿಗೇ ತಿಳಿಯದು. ಕಾಪಾಡಿದ ಗುಣವೂ ಹೀಗೆಯೇ. ಯಾರೂ ಸಾಲ ಕೇಳದವನ ಔದಾರ್ಯ, ಯಾರೂ ಕೆರಳಿಸದವನ ತಾಳ್ಮೆ, ಇವು ಇವೆಯೆಂದು ಯಾವ ಧೈರ್ಯದಿಂದ ಹೇಳುವುದು?

ಹಾಗಾದರೆ ನಾವು ಸಿದ್ಧತೆಯಲ್ಲಿಯೇ ಏಕೆ ನಿಂತುಬಿಡುತ್ತೇವೆ? ಸೋಮಾರಿತನವೆಂದರೆ ತಪ್ಪಾದೀತು, ನಮ್ಮ ಪರಿಚಿತರು ದುಡಿದಷ್ಟು ಸೋಮಾರಿ ದುಡಿಯನು. ಕಾರಣ ಭಯವಿರಬೇಕು. ಸಿದ್ಧತೆಯಲ್ಲಿ ಸೋಲಿಲ್ಲ, ಡಬ್ಬಿಯ ಮೇಲೆ ಬರೆದಂತೆ ಮಾಡಿದರೆ ಆಯಿತು, ಸಾಲದಿದ್ದರೆ ಇನ್ನೊಂದು ಲೇಪ. ತೊಟ್ಟಿಲು ಹಾಗಲ್ಲ. ಅದು ಸೊಟ್ಟಗಾಗಬಹುದು, ಕಿರುಗುಟ್ಟಬಹುದು, ಮಗಳು ಮುಖ ನೋಡಿ ಚೆನ್ನಾಗಿದೆ ಎನ್ನಬಹುದು. ಸಿದ್ಧತೆಯಲ್ಲಿ ನಾವು ಯಜಮಾನರು, ಕೆಲಸದಲ್ಲಿ ವಿದ್ಯಾರ್ಥಿಗಳು. ತಲೆ ನರೆತ ಮೇಲೆ ವಿದ್ಯಾರ್ಥಿಯಾಗುವುದು ಎಲ್ಲರಿಗೂ ಸುಲಭವಲ್ಲ.

ಇದು ದೂರದ ಕ್ಯಾಲಿಫೋರ್ನಿಯದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಗಾಜಿನ ಬೀರುವಿನ ಪುಸ್ತಕಗಳಿವೆ, ಗವುಸು ತೆಗೆಯದ ವೀಣೆಯಿದೆ, ನೆಂಟರಿಗೆಂದು ಇಟ್ಟು ನೆಂಟರಿಗೂ ಇಳಿಸದ ಪಿಂಗಾಣಿ ಬಟ್ಟಲುಗಳಿವೆ. ಮನೆ ಕಟ್ಟಿಸಿದ ಮೇಲೆ, ಮಗಳ ಮದುವೆಯಾದ ಮೇಲೆ, ಪೆನ್ಷನ್ ಬಂದ ಮೇಲೆ ಎಂದು ಅಣಿಮಾಡುತ್ತಲೇ ಇರುವ ಬದುಕಿದೆ. ಪ್ರತಿಯೊಂದು ಲೇಪವೂ ಅಗತ್ಯವೇ. ತೆನೆ ಮಾತ್ರ ಹೊಲದಲ್ಲಿ ನಿಂತೇ ಇದೆ.

ಹೊಸ ಮನೆ ಹೊಕ್ಕ ದಿನ ನಮ್ಮ ಹೆಂಗಸರು ಹೊಸ ಒಲೆಯ ಮೇಲೆ ಹಾಲಿಟ್ಟು ಕಾಯುತ್ತಾರೆ. ಹಾಲು ಕಾದು ಮೇಲೇರಿದಾಗ ಯಾರೂ ಪಾತ್ರೆಯನ್ನು ಇಳಿಸುವುದಿಲ್ಲ, ಬಟ್ಟೆ ಹಿಡಿದು ಓಡಿಬರುವುದಿಲ್ಲ. ಅದು ಉಕ್ಕಿ, ಸುರಿದು, ಫಳಫಳಿಸುವ ಒಲೆಯ ಮೇಲೆ ಕರೆಯಾಗಲಿ ಎಂದೇ ಎಲ್ಲರೂ ನಿಂತು ನೋಡುತ್ತಾರೆ. ಅದಾದ ಮೇಲೆಯೇ ಆ ಮನೆಯಲ್ಲಿ ಅಡಿಗೆ.