ನಾಚಿಕೆಯೆಂಬ ಶಲ್ಯ

ವ್ರತಿಯಾದವನು ನಿಃಶಲ್ಯನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ ಮತ. ಶಲ್ಯವೆಂದರೆ ಒಳಗೇ ಮುರಿದು ಉಳಿದ ಮುಳ್ಳು. ಶಾಸ್ತ್ರದಲ್ಲಿ ಹೇಳಿರುವ ಶಲ್ಯಗಳು ಮಾಯೆ, ಮಿಥ್ಯಾತ್ವ, ನಿದಾನವೆಂದು ಮೂರು. ನಾಚಿಕೆಯಿಂದ ಬಚ್ಚಿಟ್ಟ ನೋವೂ ಮುಳ್ಳಿನಂತೆಯೇ ಚುಚ್ಚುತ್ತಿರುತ್ತದೆ. ಉಪವಾಸದಿಂದ ಅದು ಹೊರಬರುವುದೇ?

ಇಲ್ಲಿ ಒಂದು ವಿವೇಕ ಅಗತ್ಯ. ತಾನೇ ಮಾಡಿದ ದೋಷಕ್ಕೆ ಆಲೋಚನೆ, ಪ್ರತಿಕ್ರಮಣ ಮೊದಲಾದ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳುಂಟು. ಆದರೆ ಬಾಲ್ಯದಲ್ಲಿ ಪೆಟ್ಟು ತಿಂದು ಬೆಳೆದವನು, ಪರರ ದೌರ್ಜನ್ಯಕ್ಕೆ ಈಡಾದವಳು ಮಾಡಿದ ದೋಷವಾದರೂ ಯಾವುದು? ಪೂರ್ವಕರ್ಮದ ಉದಯವೆಂದು ನುಡಿದು ಅವರ ಮೇಲೆಯೇ ಅಪರಾಧವನ್ನು ಹೊರಿಸುವುದು ಹಿಂಸೆಯಾಗುತ್ತದೆ. ಅಂಥವರು ತಮ್ಮ ದೇಹವನ್ನು ದ್ವೇಷಿಸಿ ಅನ್ನ ಬಿಟ್ಟರೆ ಅದು ದಂಡನೆಯೇ ಹೊರತು ತಪವಲ್ಲ.

ಇದಕ್ಕೆ ಹತ್ತಿರದ ಸಾಧನ ಕಾಯೋತ್ಸರ್ಗ. ಕಾಯದ ಮಮತೆಯನ್ನು ಬಿಡುವುದು ಅದರ ಅರ್ಥ, ಕಾಯವನ್ನು ಹಳಿಯುವುದಲ್ಲ. ಒಂಬತ್ತು ಸಲ ಪಂಚನಮಸ್ಕಾರ ಮಂತ್ರವನ್ನು 27 ಉಸಿರುಗಳಲ್ಲಿ ನೆನೆಯುವ ಕ್ರಮವುಂಟು. ಉಸಿರು ನಿಧಾನವಾದಂತೆ ನಾಚಿಕೆ ಎಲ್ಲಿ ನೆಲೆಸಿದೆಯೆಂಬುದು ತಿಳಿಯತೊಡಗುತ್ತದೆ: ಗಂಟಲು ಬಿಗಿಯುತ್ತದೆ, ಮುಖ ಬಿಸಿಯೇರುತ್ತದೆ, ಹೊಟ್ಟೆ ಕಿವುಚುತ್ತದೆ. ಆಗ ‘ನಾನು ನೀಚ’ ಎನ್ನದೆ, ‘ಗಂಟಲು ಬಿಗಿದಿದೆ’ ಎಂದಷ್ಟೇ ಅರಿಯಬೇಕು. ಬಿಗಿತ ಬೇರೆ, ಅದನ್ನು ಅರಿಯುವ ಆತ್ಮ ಬೇರೆ. ನಾವು ಸ್ವಾಧ್ಯಾಯದಲ್ಲಿ ಓದುವ ಭೇದವಿಜ್ಞಾನವು ಹೀಗೆ ಅನುಭವಕ್ಕೆ ಬರುತ್ತದೆ.

1975ರಲ್ಲಿ ತೇರಾಪಂಥದಲ್ಲಿ ರೂಪುಗೊಂಡ ಪ್ರೇಕ್ಷಾಧ್ಯಾನದಲ್ಲಿ ಶರೀರಪ್ರೇಕ್ಷೆಯೂ ಒಂದು ಅಂಗ. ಆಘಾತದ ನೆನಪು ದೇಹದಲ್ಲಿಯೂ ಉಳಿಯುತ್ತದೆಂದು ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ತಮ್ಮ 2014ರ ಗ್ರಂಥದಲ್ಲಿ ವಿವರಿಸಿದ್ದಾರೆ. ವೈದ್ಯರ ಗುರಿ ಸ್ವಾಸ್ಥ್ಯ, ಸಾಧಕರ ಗುರಿ ನಿರ್ಜರೆ. ಆದರೂ ದೇಹದ ವೇದನೆಯನ್ನು ಕಂಡು ಸಹನೆಯಿಂದ ತಿಳಿಯಬೇಕೆಂಬಲ್ಲಿ ಇಬ್ಬರ ದಾರಿಯೂ ಕೂಡುತ್ತದೆ.

ಒಂದು ಎಚ್ಚರಿಕೆಯನ್ನು ಮರೆಯಲಾಗದು. ನೋವು ಆಳವಾಗಿದ್ದರೆ, ಕಣ್ಣು ಮುಚ್ಚಿದೊಡನೆ ಹಳೆಯ ಭಯ ಮೈಮೇಲೆ ಎರಗಬಹುದು. ಆಗ ಕಣ್ತೆರೆದು, ನೆಲದ ಮೇಲೂರಿದ ಪಾದಗಳನ್ನು ಗಮನಿಸಿ, ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು. ಬಲ್ಲ ವೈದ್ಯರ ನೆರವನ್ನು ಪಡೆಯಬೇಕು. ಷೋಡಶಭಾವನೆಗಳಲ್ಲಿಯೂ ತಪಸ್ಸನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂದೇ ವಿಧಿಸಿದೆ.

ಆದುದರಿಂದ ಉಪವಾಸವನ್ನು ಕೈಗೊಳ್ಳುವ ಮುನ್ನ ಶ್ರಾವಕ ಶ್ರಾವಿಕೆಯರು ತಮ್ಮನ್ನೇ ಕೇಳಿಕೊಳ್ಳಲಿ: ನಾನು ಕಷಾಯವನ್ನು ಕೃಶಗೊಳಿಸುತ್ತಿರುವೆನೋ, ನನ್ನನ್ನೇ ಶಿಕ್ಷಿಸುತ್ತಿರುವೆನೋ? ಎರಡನೆಯದಾದರೆ ಅಂದು ಮಿತವಾಗಿ ಉಂಡು, ಕಾಯೋತ್ಸರ್ಗದಲ್ಲಿ ನಿಲ್ಲುವುದೇ ಮೇಲು. ಎಲ್ಲ ಜೀವಗಳಿಗೂ ಸಲ್ಲಬೇಕಾದ ಕರುಣೆಯಲ್ಲಿ ನಮ್ಮ ಜೀವಕ್ಕೂ ಪಾಲುಂಟು.