ನೂರರಲ್ಲಿ ಆ ಮೂವರು ಯಾರು?

ಮಂಗನ ಕಾಯಿಲೆ ತಗುಲಿದ 100 ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಸಾಗರದ ಸುತ್ತಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿದ್ದಷ್ಟು ಕಾಲ ಈ ಮಾತನ್ನು ಜಗುಲಿ ಜಗುಲಿಯಲ್ಲೂ ಹೇಳಿದ್ದೇನೆ. ಒಮ್ಮೆ ಒಬ್ಬರು ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದರು: "ಆ ಮೂರು ಜನ ಯಾರು ಮಾರಾಯಾ, ನಿಂಗೆ ಗೊತ್ತಿದ್ಯಾ?"

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ. ಊರಿನ ಮಟ್ಟಿಗೆ ಆ ಸಂಖ್ಯೆ ನಿಜ, ಅಜ್ಜಿಯ ಮನೆಯ ಮಟ್ಟಿಗೆ ಅದು ಮೌನ. ದರಕು ಗುಡಿಸಲು ನಾಳೆ ಬೆಳಿಗ್ಗೆ ಬೆಟ್ಟಕ್ಕೆ ಹೋಗುವ ಸೊಸೆ, ರೋಗ ಹರಡುವ ಉಣುಗು ಕಚ್ಚದಂತೆ, ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕಾದರೆ ಕಥೆ ಬೇಕು. ಆದರೆ ಜೊತೆಗಿದ್ದ ವೈದ್ಯರು ಒಪ್ಪುತ್ತಿರಲಿಲ್ಲ. ಸತ್ತ ಒಬ್ಬನ ಕಥೆ ಹೇಳಿದರೆ ಬದುಕಿದ ತೊಂಬತ್ತೈದು ಮಂದಿಯನ್ನು ಮರೆಮಾಡಿದಂತೆ, ಅದು ಸುಳ್ಳಿನ ಇನ್ನೊಂದು ರೂಪ ಎನ್ನುತ್ತಿದ್ದರು. ಅವರ ಆಕ್ಷೇಪ ಹಗುರವಾದದ್ದಲ್ಲ.

ಇದಕ್ಕೆ ಸಮಾಧಾನ ಸಿಕ್ಕಿದ್ದು ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸೆಯಲ್ಲಿ. ಪುರೋಹಿತರಾಗಿದ್ದ ಅಪ್ಪ ಊಟದ ನಂತರ ಅದನ್ನು ಬಿಡಿಸಿ ಹೇಳುತ್ತಿದ್ದರು. ವೇದ ಇರುವುದು ಕರ್ಮಕ್ಕಾಗಿ ಎಂದ ಮೇಲೆ ಅದರೊಳಗಿನ ಕಥೆಗಳಿಗೆ ಏನು ಬೆಲೆ? ಈ ಪ್ರಶ್ನೆಯನ್ನು ಮೀಮಾಂಸೆಯ ಸೂತ್ರಕಾರ ಜೈಮಿನಿ ತನ್ನ ಸೂತ್ರದಲ್ಲೇ ಎತ್ತಿದ್ದಾನೆ. ಐಶ್ವರ್ಯ ಬಯಸುವವನು ವಾಯುವಿಗೆ ಯಾಗ ಮಾಡಬೇಕು ಎನ್ನುವುದು ವಿಧಿ. ವಾಯು ಎಲ್ಲರಿಗಿಂತ ವೇಗದ ದೇವತೆ ಎನ್ನುವುದು ಅರ್ಥವಾದ. ಅರ್ಥವಾದಕ್ಕೆ ತನ್ನಷ್ಟಕ್ಕೆ ಅಧಿಕಾರವಿಲ್ಲ. ವಿಧಿಯೊಂದಿಗೆ ಒಂದೇ ವಾಕ್ಯವಾಗಿ ಸೇರಿದಾಗ, ಅಲುಗಾಡದೆ ಕೂತವನನ್ನು ಎಬ್ಬಿಸುವ ಬಲ ಅದಕ್ಕೆ ಬರುತ್ತದೆ. ನಾನು ಹೇಳುವ ಕಥೆಯೂ ಹಾಗೆಯೇ ಇರಬೇಕು ಎಂದುಕೊಂಡೆ: ಎಣ್ಣೆ ಹಚ್ಚು, ಕಾಡಿನಿಂದ ಬಂದೊಡನೆ ಬಿಸಿನೀರಲ್ಲಿ ಮೀಯು, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಬಾ. ಇವುಗಳಿಗೆ ಅಂಟಿಕೊಳ್ಳದ ಸಾವಿನ ಕಥೆ ಬರೀ ಹೆದರಿಕೆ. ಅದನ್ನು ಹೇಳುವ ಹಕ್ಕು ನನಗಿಲ್ಲ.

ಮೀಮಾಂಸಕರು ಅರ್ಥವಾದದಲ್ಲೂ ಬಗೆಗಳನ್ನು ಮಾಡಿದ್ದಾರೆ. ಯಾಗದ ಯೂಪಸ್ತಂಭವೇ ಸೂರ್ಯ ಎಂಬ ಮಾತು ಕಣ್ಣಿಗೆ ಕಾಣುವುದಕ್ಕೆ ವಿರುದ್ಧ. ಅದನ್ನು ಗುಣವಾದ ಎಂದು, ಹೊಗಳಿಕೆಯಾಗಿ ಮಾತ್ರ ತೆಗೆದುಕೊಳ್ಳಬೇಕು. ನಮ್ಮಲ್ಲಿ ಮಂಗ ಸತ್ತರೆ ಹನುಮನೆಂದು ಕುಂಕುಮವಿಟ್ಟು, ಹಾರ ಹಾಕಿ ಮಣ್ಣು ಮಾಡುವವರಿದ್ದಾರೆ. ಆದರೆ ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಕಾದಿರುತ್ತವೆ. ಅಂಥವರ ಎದುರು ನಾನು ಭಕ್ತಿಯನ್ನು ಹಳಿಯಲಿಲ್ಲ. "ಹನುಮ ದೂತ. ಸುದ್ದಿ ಮುಟ್ಟಿಸಿದ್ದಾನೆ. ಹತ್ತಿರ ಹೋಗದೆ ನಮಗೆ ಹೇಳಿಕಳಿಸಿ, ಅದೇ ಅವನ ಮಾತಿಗೆ ಕೊಡುವ ಮರ್ಯಾದೆ" ಎಂದೆ. ಅದೂ ಗುಣವಾದವೇ: ಮಂಗ ನಮ್ಮಂತೆಯೇ ವೈರಸ್ಸಿಗೆ ಬಲಿಯಾಗುವ ಜೀವಿ, ಸುದ್ದಿ ತರಲೆಂದು ಸತ್ತದ್ದಲ್ಲ ಎಂಬುದು ಕೇಳುವವರಿಗೂ ಗೊತ್ತು. ಮಂಗಗಳೇ ರೋಗದ ಮೂಲ, ಓಡಿಸಿಬಿಡಿ ಎಂಬ ಕಥೆಯೂ ಊರಲ್ಲಿತ್ತು. ಅದು ಬೇರೆ ಜಾತಿಯದು: ಅದರ ವಿಧಿಯೇ ತಪ್ಪು, ಉಣುಗು ಇದ್ದಲ್ಲೇ ಉಳಿಯುತ್ತದೆ.

ಈ ಕಾಯಿಲೆ ಮೊದಲು ಗೊತ್ತಾದ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ವಿಜ್ಞಾನಿಗಳಿಗೂ ಮೊದಲು ಹೊಳೆದದ್ದು ಕೇಳಿ ಗೊತ್ತಿದ್ದ ಹಳದಿ ಜ್ವರದ ಕಥೆಯೇ. ಪರೀಕ್ಷೆ ಅದನ್ನು ಸುಳ್ಳು ಮಾಡಿತು, ಅವರು ಬಿಟ್ಟರು. ಸುಳ್ಳೆಂದು ತಿಳಿದ ಗಳಿಗೆಯಲ್ಲಿ ಬಿಡಬಲ್ಲೆವೇ ಎಂಬುದೇ ನನಗೆ ಕಥೆಯ ಪ್ರಾಮಾಣಿಕತೆಯ ಪರೀಕ್ಷೆ.

ನಡೆದದ್ದನ್ನು ನಡೆದಂತೆ ಹೇಳುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಆ ಕಥೆಗೆ ವಾರಸುದಾರರಿರುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಅನುಮತಿ ಕೇಳಲು ಹೋದಾಗ, "ಹೆಸರು ಬೇಡ. ನಾಲ್ಕು ದಿನ ಮನೇಲೇ ಮಾತ್ರೆ ನುಂಗಿಕೊಂಡು ಮಲಗಿದ್ದ ಅನ್ನೋದನ್ನ ಮಾತ್ರ ಬಿಡಬೇಡಿ" ಎಂದರು. ಅಷ್ಟನ್ನೇ ಹೇಳುತ್ತ ಬಂದೆ. ಕೊನೆಯ ರಾತ್ರಿಯ ವಿವರಗಳು ನನಗೆ ಗೊತ್ತಿದ್ದವು. ಅವು ಯಾರನ್ನೂ ಬೇಗ ಆಸ್ಪತ್ರೆಗೆ ಕಳಿಸುವುದಿಲ್ಲ, ಹಾಗಾಗಿ ಹೇಳಲಿಲ್ಲ.

ಈಗ ಆಶಾ ಕಾರ್ಯಕರ್ತೆಯರು ನನ್ನನ್ನು ಕೇಳುವುದುಂಟು: ಆಗಲೇ ಜ್ವರ ಒಬ್ಬರನ್ನು ಮಲಗಿಸಿರುವ ಮನೆಯಲ್ಲಿ ಯಾವ ಕಥೆ ಹೇಳಬೇಕು? ಯಾವುದೂ ಬೇಡ ಎನ್ನುತ್ತೇನೆ. ಅಲ್ಲಿ ಲೆಕ್ಕ ಹೇಳಿ. ನೂರಕ್ಕೆ ತೊಂಬತ್ತೈದು ಮಂದಿ ಎದ್ದು ಓಡಾಡಿದ್ದಾರೆ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ನೀವು ಪಕ್ಕದಲ್ಲಿ ಕೂತು ಗಂಜಿ ಕುಡಿಸಬಹುದು ಎನ್ನಿ. ಆಮೇಲೆ ಆಸ್ಪತ್ರೆಗೆ ಗಾಡಿ ಗೊತ್ತುಮಾಡಿ.